ಗಣಕದ ತೆರೆಯ ವರ್ಣಗಳು: ಒಂದು ಚಾರಿತ್ರಿಕ ಸಮೀಕ್ಷೆ

ಗಣಕಯಂತ್ರದ ತೆರೆಯಲ್ಲಿ ಓದುವವರಿಗೆ ಯಾವ ವರ್ಣ ಹಿತಕರವೆಂಬುದನ್ನು ಸಾಮಾನ್ಯವಾಗಿ ಅವರವರ ಅಭಿರುಚಿಗೆ ಬಿಡುವುದುಂಟು. ಆದರೆ ತೆರೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಮೊದಲ ಘಟ್ಟದಲ್ಲಿ ಈ ವರ್ಣಗಳನ್ನು ನಿರ್ಣಯಿಸಿದುದು ಓದುಗನ ಕಣ್ಣಲ್ಲ, ಯಂತ್ರದ ಇತಿಮಿತಿ ಎಂಬುದು ವ್ಯಕ್ತವಾಗುತ್ತದೆ.

ಹಿಂದಿನ ತೆರೆಗಳು ಕ್ಯಾಥೋಡ್ ಕಿರಣ ನಳಿಕೆಗಳು. ಗಾಜಿನ ಒಳಮೈಗೆ ಲೇಪಿಸಿದ ಫಾಸ್ಫರ್ ಎಂಬ ವಸ್ತುವು ಎಲೆಕ್ಟ್ರಾನುಗಳು ತಗುಲಿದೆಡೆಯಲ್ಲಿ ಮಾತ್ರ ಬೆಳಗುತ್ತಿತ್ತು, ಉಳಿದೆಡೆ ಕತ್ತಲೆ. ಆದುದರಿಂದ ಕರಿಯ ನೆಲದ ಮೇಲೆ ಹೊಳೆಯುವ ಅಕ್ಷರವೇ ಸಹಜ ಕ್ರಮವಾಯಿತು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ವೈಯಕ್ತಿಕ ಗಣಕಕ್ಕೆ ಒದಗಿಸಿದ ಏಕವರ್ಣದ ತೆರೆಯಲ್ಲಿ ಅಕ್ಷರಗಳು ಹಸುರಾಗಿದ್ದುವು. ಅಲ್ಲಿ ಚಿತ್ರವು ಸೆಕೆಂಡಿಗೆ ೫೦ ಸಲ ಮಾತ್ರ ಹೊಸದಾಗಿ ಮೂಡುತ್ತಿತ್ತು. ನಿಧಾನವಾಗಿ ಆರುವ ಹಸುರು ಫಾಸ್ಫರು ಅದರ ಮಿನುಗನ್ನು ಮರೆಸುತ್ತಿತ್ತು. ಮುಂದೆ ಹಳದಿಗೆಂಪು ಅಕ್ಷರದ ತೆರೆಗಳೂ ಕಣ್ಣಿಗೆ ಹಿತವೆಂಬ ಹೆಸರಿನಿಂದ ಬಳಕೆಗೆ ಬಂದುವು.

ಇದಕ್ಕೆ ಭಿನ್ನವಾದ ಮತ್ತೊಂದು ಪರಂಪರೆಯೂ ಉಂಟು. ೧೯೭೩ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಸಿದ್ಧವಾದ ಆಲ್ಟೊ ಗಣಕದ ತೆರೆ ೬೦೬ ಬಿಂದುಗಳ ಅಗಲ, ೮೦೮ ಬಿಂದುಗಳ ಎತ್ತರವುಳ್ಳದ್ದು. ಕಾಗದದ ಹಾಳೆಯಂತೆ ಅದರಲ್ಲಿ ಬಿಳಿಯ ನೆಲ, ಕರಿಯ ಅಕ್ಷರ. ೧೯೮೪ರ ಮ್ಯಾಕಿಂಟಾಷ್ ಈ ಕ್ರಮವನ್ನು ಜನಸಾಮಾನ್ಯರ ಬಳಿಗೆ ತಂದಿತು.

ಈ ನಡುವೆ ದಿನವಿಡೀ ತೆರೆಯ ಮುಂದೆ ದುಡಿಯುತ್ತಿದ್ದ ನೌಕರರು ಕಣ್ಣುರಿ, ತಲೆನೋವುಗಳನ್ನು ಹೇಳಿಕೊಳ್ಳತೊಡಗಿದರು. ೧೯೮೩ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ವರದಿಯು, ತೆರೆಯಿಂದ ಕಣ್ಣಿಗೆ ಶಾಶ್ವತ ಹಾನಿಯಾಗುವುದೆಂಬುದಕ್ಕೆ ಆಧಾರವಿಲ್ಲವೆಂದಿತು. ಕೋಣೆಯ ಬೆಳಕು, ತೆರೆಯ ಗುಣ, ಕೆಲಸದ ವ್ಯವಸ್ಥೆ ಇವುಗಳ ಕಡೆಗೆ ಗಮನ ಸೆಳೆಯಿತು. ನೌಕರನ ಬಾಧೆ ಕಲ್ಪಿತವಲ್ಲ. ಅದರ ಕಾರಣವನ್ನು ಹುಡುಕಬೇಕಾದ ಎಡೆ ಮಾತ್ರ ಬೇರೆ.

೨೦೦೭ರಲ್ಲಿ ಜರ್ಮನಿಯ ಬುಕ್ನರ್ ಮತ್ತು ಬೌಮ್‌ಗಾರ್ಟ್ನರ್ ಅವರು ಕರಡು ತಿದ್ದುವ ಪರೀಕ್ಷೆಯಿಂದ, ಬೆಳಕಿನ ನೆಲದ ಮೇಲಿನ ಕಪ್ಪಕ್ಷರವೇ ಓದಿಗೆ ಅನುಕೂಲವೆಂದು ತೋರಿಸಿದರು. ಬೆಳಕಿನ ನೆಲವನ್ನು ನೋಡುವಾಗ ಪಾಪೆ ಕಿರಿದಾಗಿ ಬಿಂಬ ಸ್ಫುಟಗೊಳ್ಳುವುದು ಇದಕ್ಕೆ ಸಂಭವನೀಯ ಕಾರಣ. ಹೀಗಿದ್ದರೂ ೨೦೧೮ರಿಂದ ಈಚೆಗೆ ಪ್ರಮುಖ ಗಣಕವ್ಯವಸ್ಥೆಗಳಲ್ಲಿ ಕರಿಯ ನೆಲದ ಕ್ರಮ ಮತ್ತೆ ಬಂದಿದೆ. ಕತ್ತಲ ಕೋಣೆಯಲ್ಲಿ ಬೆಳ್ಳನೆಯ ತೆರೆ ಕಣ್ಣು ಕೋರೈಸುವುದುಂಟಾದುದರಿಂದ ಇದನ್ನು ಕೇವಲ ಸೋಗೆಂದು ತಳ್ಳಿಹಾಕಲಾಗದು.

ಆದುದರಿಂದ ಎಲ್ಲರಿಗೂ ಎಲ್ಲ ಹೊತ್ತಿಗೂ ಸಲ್ಲುವ ಒಂದೇ ವರ್ಣವಿಲ್ಲ. ನೆಲಕ್ಕೂ ಅಕ್ಷರಕ್ಕೂ ಸಾಕಷ್ಟು ಅಂತರವಿರಬೇಕು. ೨೦೦೮ರ ಅಂತರರಾಷ್ಟ್ರೀಯ ಸೂತ್ರಗಳಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ ೪.೫ಕ್ಕೆ ೧ರ ಪ್ರಮಾಣವನ್ನು ವಿಧಿಸಿದೆ. ತೆರೆಯ ಕಾಂತಿಯು ಕೋಣೆಯ ಬೆಳಕಿಗೆ ಹೊಂದಬೇಕು. ಅಂದು ಯಂತ್ರವು ವಿಧಿಸಿದುದನ್ನು ಇಂದು ಓದುಗನೇ ಆಯ್ದುಕೊಳ್ಳಬಲ್ಲನು. ಆ ಆಯ್ಕೆ ರೂಢಿಗಿಂತ ವಿವೇಕವನ್ನು ಅನುಸರಿಸಬೇಕು.