ಹಳೇ ಬಸ್ಸಿನ ಬಿಸಿಗಾಳಿ

ನಮ್ಮ ಕಡೆ ಹೀಟರ್ ಅಂದ್ರೆ ಬಚ್ಚಲುಮನೆಯದು. ಗಾಡಿಯಲ್ಲೂ ಹೀಟರ್ ಅನ್ನೋದೊಂದು ಇರುತ್ತೆ, ಅದು ಕೆಟ್ಟರೆ ಪ್ರಯಾಣವೇ ನಿಲ್ಲುತ್ತೆ ಅಂತ ನನಗೆ ಗೊತ್ತಾಗಿದ್ದು ಜರ್ಮನಿಗೆ ಹೋದ ಮೇಲೆ. ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಾಸನದ ಗೆಳೆಯ 1973ರ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ಒಂದನ್ನು ಕೊಂಡಿದ್ದ. ಒಳಗೇ ಹಾಸಿಗೆ, ಒಲೆ, ಪುಟ್ಟ ಸಿಂಕು. ನವೆಂಬರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಲ್ಪ್ಸ್ ಕಡೆ ಹೊರಟವನು ಅರ್ಧ ದಾರಿಗೇ ವಾಪಸ್ ಬಂದ. "ಹೀಟರ್ ಹಾಕಿದ್ರೆ ಬಿಸಿ ಬರಲ್ಲ ಕಣೋ, ಹೊಗೆ ವಾಸನೆ ಬರುತ್ತೆ. ಚಿಕ್ಕವಳು ತಲೆನೋವು ಅಂತ ಒಂದೇ ಸಮ ಅಳ್ತಿದ್ಲು" ಅಂದ. ಆ ತಲೆನೋವಿನ ಬೆನ್ನು ಹತ್ತಿದಾಗ ಸಿಕ್ಕ ಕಥೆ ಇದು.

ಜರ್ಮನ್ನರು ಪ್ರೀತಿಯಿಂದ 'ಬುಲ್ಲಿ' ಅಂತ ಕರೆಯುವ ಈ ಬಸ್ಸು ಹುಟ್ಟಿದ್ದು ಒಂದು ಗೀಚು ಚಿತ್ರದಿಂದ. ಬೆನ್ ಪೋನ್ ಎಂಬ ಡಚ್ ವ್ಯಾಪಾರಿ 1947ರ ಏಪ್ರಿಲ್‌ನಲ್ಲಿ ತನ್ನ ನೋಟ್‌ಬುಕ್ಕಿನಲ್ಲಿ ಬ್ರೆಡ್ಡಿನ ಆಕಾರದ ಪೆಟ್ಟಿಗೆಯೊಂದನ್ನು ಬರೆದ. ಮುಂದೆ ಡ್ರೈವರ್, ಹಿಂದೆ ಎಂಜಿನ್, ನಡುವೆ ಸಾಮಾನು, ಅಷ್ಟೇ! 1950ರ ಮಾರ್ಚ್‌ನಲ್ಲಿ ವೋಲ್ಫ್ಸ್‌ಬುರ್ಗ್ ಕಾರ್ಖಾನೆಯಲ್ಲಿ ಇದರ ತಯಾರಿಕೆ ಶುರುವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಇದರೊಳಗೆ ಇಟ್ಟು ತೆಗೆಯಬಹುದಾದ 'ಕ್ಯಾಂಪಿಂಗ್ ಬಾಕ್ಸ್' ಮಾಡಿತು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶದಲ್ಲಿ ವಾರದ ದಿನ ಅಂಗಡಿ ಸಾಮಾನು, ಭಾನುವಾರ ಸಂಸಾರ. ಒಂದೇ ಗಾಡಿ, ಎರಡು ಕೆಲಸ.

ತೊಂದರೆ ಇದ್ದದ್ದು ಎಂಜಿನ್ನಿನ ಸ್ವಭಾವದಲ್ಲಿ. ಸಾಮಾನ್ಯ ಕಾರುಗಳಲ್ಲಿ ಎಂಜಿನ್ ತಣ್ಣಗಿಡಲು ನೀರು ಓಡಾಡುತ್ತದೆ. ಕಾದ ಆ ನೀರನ್ನೇ ಒಂದು ಪುಟ್ಟ ರೇಡಿಯೇಟರಿಗೆ ತಿರುಗಿಸಿದರೆ ಒಳಗೆ ಕೂತವರಿಗೂ ಬಿಸಿ. ಬುಲ್ಲಿಯಲ್ಲಿ ನೀರೇ ಇಲ್ಲ, ಗಾಳಿಯೇ ಎಲ್ಲ. ಡೈನಮೋದ ಶಾಫ್ಟಿಗೆ ಕೂರಿಸಿದ ಫ್ಯಾನು ಸಿಲಿಂಡರುಗಳ ಮೇಲೆ ಗಾಳಿ ಊದುತ್ತದೆ. ಮೊದಮೊದಲು ಹಾಗೆ ಸಿಲಿಂಡರುಗಳನ್ನು ಸವರಿ ಬಂದ ಗಾಳಿಯನ್ನೇ ಎಕ್ಸಾಸ್ಟ್ ಕೊಳವೆ ಪಕ್ಕದಿಂದ ಹಾಯಿಸಿ ಒಳಗೆ ಬಿಡುತ್ತಿದ್ದರು. ಎಂಜಿನ್ನಿನಲ್ಲಿ ಎಲ್ಲಿ ಆಯಿಲ್ ಜಿನುಗಿದರೂ, ಎಲ್ಲಿ ಹೊಗೆ ಸೋರಿದರೂ ಅದು ನೇರ ಮೂಗಿಗೆ! 1963ನೇ ಮಾದರಿಯ ಹೊತ್ತಿಗೆ ಈ ಏರ್ಪಾಡು ಬದಲಾಯಿತು. ಎಕ್ಸಾಸ್ಟ್ ಕೊಳವೆಯ ಸುತ್ತ ಲೋಹದ ರೆಕ್ಕೆಗಳು, ಅದರ ಮೇಲೊಂದು ತಗಡಿನ ಕವಚ. ಇದು ಹೀಟ್ ಎಕ್ಸ್‌ಚೇಂಜರ್. ಫ್ಯಾನಿನಿಂದ ಬೇರೆಯಾಗಿ ಬಂದ ಶುದ್ಧ ಗಾಳಿ ಇದರೊಳಗೆ ಹಾದು, ಬಿಸಿಯಾಗಿ, ಗಾಡಿಯ ಅಡಿಯ ಉದ್ದ ಪೈಪಿನಲ್ಲಿ ಮುಂದಕ್ಕೆ ಹೋಗುತ್ತದೆ. ಯೋಚನೆ ಚೆನ್ನಾಗಿದೆ. ಆದರೆ ಎಂಜಿನ್ ಹಿಂದೆ, ಡ್ರೈವರಿನ ಕಾಲು ಮುಂದೆ. ದಾರಿಯಲ್ಲೇ ಅರ್ಧ ಬಿಸಿ ಆರಿಹೋಗುತ್ತದೆ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಗುಡ್ಡ ಇಳಿಯುವಾಗ ಎಂಜಿನ್ನಿಗೆ ಕೆಲಸವಿಲ್ಲ, ಎಕ್ಸಾಸ್ಟ್ ತಣ್ಣಗಾಗುತ್ತದೆ. ಹೆಚ್ಚು ಚಳಿ ಇರುವ ಬೆಟ್ಟದಲ್ಲೇ ಹೀಟರ್ ಕೈ ಕೊಡುವುದು ಹೀಗೆ.

ಇದು ಕಂಪನಿಗೂ ಗೊತ್ತಿತ್ತು ಅನ್ನಿ. ಹೆಚ್ಚು ದುಡ್ಡು ಕೊಟ್ಟರೆ ಎಬರ್‌ಸ್ಪೆಷರ್‌ನ ಪೆಟ್ರೋಲ್ ಹೀಟರ್ ಸಿಗುತ್ತಿತ್ತು. ಗಾಡಿಯ ಟ್ಯಾಂಕಿನ ಪೆಟ್ರೋಲನ್ನೇ ಪ್ರತ್ಯೇಕ ಪೆಟ್ಟಿಗೆಯಲ್ಲಿ ಉರಿಸುವ ಪುಟ್ಟ ಒಲೆ ಅದು. ಎಂಜಿನ್ ನಿಲ್ಲಿಸಿ ಮಲಗಿದಾಗಲೂ ಬಿಸಿ ಬರಬೇಕಾದರೆ ಬೇರೆ ದಾರಿ ಇರಲಿಲ್ಲ. ಅತ್ತ ಕ್ಯಾಲಿಫೋರ್ನಿಯಾದಂಥ ಬೆಚ್ಚನೆಯ ಊರಿನವರು ಹೀಟ್ ಎಕ್ಸ್‌ಚೇಂಜರನ್ನೇ ಕಿತ್ತೆಸೆದು, ಆ ಜಾಗಕ್ಕೆ 'ಜೆ' ಅಕ್ಷರದಂತೆ ಬಾಗಿದ ಬರೀ ಕೊಳವೆ ಹಾಕಿಸಿಕೊಂಡರು.

ಅಂದ ಹಾಗೆ, 60-70ರ ದಶಕಗಳಲ್ಲಿ ಇಸ್ತಾಂಬುಲ್, ತೆಹರಾನ್, ಕಾಬೂಲ್ ದಾಟಿ ಗೋವಾಕ್ಕೆ ಬರುತ್ತಿದ್ದ ಹಿಪ್ಪಿಗಳಿಗೂ ಇದು ಅಚ್ಚುಮೆಚ್ಚಿನ ಗಾಡಿಯಾಗಿತ್ತು. 1979ರಲ್ಲಿ ಇರಾನಿನ ಕ್ರಾಂತಿ, ಆಫ್ಘಾನಿಸ್ತಾನಕ್ಕೆ ರಷ್ಯಾ ಸೈನ್ಯ. ಆ ದಾರಿ ಮುಚ್ಚಿಹೋಯಿತು. ಗೋವಾ ತಲುಪಿದ ಮೇಲೆ ಹೀಟರ್ ಚಿಂತೆ ಯಾರಿಗೂ ಇರಲಿಕ್ಕಿಲ್ಲ ಬಿಡಿ :-)

ಸರಿ, ಗೆಳೆಯನ ಗಾಡಿಗೆ ಬರೋಣ. ಎರಡು ಶನಿವಾರ ಅದರ ಕೆಳಗೆ ಮಲಗಿದೆವು. ಹೀಟರಿನ ಸನ್ನೆಯಿಂದ ಹಿಂದಿನ ಮುಚ್ಚಳಗಳಿಗೆ ಹೋಗುವ ತಂತಿಗಳಲ್ಲಿ ಒಂದು ತುಕ್ಕು ಹಿಡಿದು ತುಂಡಾಗಿತ್ತು. ಹೊಸದು ಹಾಕಿದೆವು. ಮುಚ್ಚಳಗಳು ಕಚ್ಚಿಕೊಂಡಿದ್ದವು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು ಬಿಡಿಸಿದೆವು. ಫ್ಯಾನಿನಿಂದ ಬರುವ ಮಡಿಕೆ ಮಡಿಕೆಯ ಹೋಸ್ ಹರಿದಿತ್ತು. ಬಿಸಿ ಬಾರದ್ದಕ್ಕೆ ಇಷ್ಟು ಕಾರಣ ಸಾಕು. ವಾಸನೆಗೆ?

ಎಡಗಡೆಯ ಹೀಟ್ ಎಕ್ಸ್‌ಚೇಂಜರಿಗೆ ಹಿಂದಿನ ಮಾಲೀಕನೊಬ್ಬ ಡಬ್ಬಿ ತಗಡು ಸುತ್ತಿ ಕ್ಲಾಂಪ್ ಬಿಗಿದಿದ್ದ. ಹೊರ ಕವಚ ತೂತಾದರೆ ಬಿಸಿಗಾಳಿ ಸೋರಿ ಹೋಗುತ್ತದೆ, ಅಷ್ಟೇ ನಷ್ಟ. ಒಳಗಿನ ಎಕ್ಸಾಸ್ಟ್ ಕೊಳವೆಯೇ ತೂತಾದರೆ? ಬಿಚ್ಚಿ, ಕೊಳವೆಯ ಒಂದು ತುದಿ ಮುಚ್ಚಿ, ಇನ್ನೊಂದರಿಂದ ಹೊಗೆ ಊದಿದೆವು. ಬಿಸಿಗಾಳಿ ಹೊರಡುವ ಬಾಯಿಂದ ಹೊಗೆ ಬಂತು. ಗೆಳೆಯ ಸುಮ್ಮನೆ ಅದನ್ನೇ ನೋಡುತ್ತಾ ನಿಂತ.

ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿ ಪ್ರಾಣ ಕಳೆದುಕೊಂಡವರ ಸುದ್ದಿ ಓದಿದ್ದೀರಲ್ಲ, ಅದೇ ಕಾರ್ಬನ್ ಮೊನಾಕ್ಸೈಡ್ ಇಲ್ಲೂ. ಅದಕ್ಕೆ ಸ್ವಂತ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಮಗು ಅತ್ತದ್ದು ಒಳ್ಳೆಯದಾಯಿತು, ನಿದ್ದೆ ಹೋಗಿದ್ದರೆ...

ಬೆಸುಗೆ ಹಾಕಿಸಿದರೆ ಕಡಿಮೆಯಲ್ಲಿ ಮುಗಿಯುತ್ತಿತ್ತು. ಆದರೆ ಒಂದು ಕಡೆ ಅಷ್ಟು ತೆಳುವಾದ ಕೊಳವೆ ಪಕ್ಕದಲ್ಲೇ ಮತ್ತೆ ತೂತಾಗುತ್ತದೆ. ಎರಡೂ ಬದಿಗೆ ಹೊಸದನ್ನೇ ಹಾಕಿದೆವು. ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿಯನ್ನೂ ಬದಲಾಯಿಸಿದೆವು. ಅದು ಸಡಿಲವಾದರೆ ಕೆಳಗಿನ ಬಿಸಿ, ಹೊಗೆ ಎಲ್ಲ ಎಂಜಿನ್ ಗೂಡಿಗೆ ನುಗ್ಗುತ್ತದೆ, ಫ್ಯಾನು ಅದನ್ನೇ ಎಳೆದು ಹೀಟರಿಗೆ ಕೊಡುತ್ತದೆ. ಬಹಳ ಜನ ಮರೆಯುವುದು ಈ ಪಟ್ಟಿಯನ್ನೇ. ಇನ್ನು ವಿಂಡ್‌ಸ್ಕ್ರೀನ್ ಕೆಳಗಿನ ಜಾಲರಿಯಿಂದ ಹೊರಗಾಳಿ ಬರುವ ದಾರಿಯಲ್ಲಿ ಒಣಗಿದ ಎಲೆ ತುಂಬಿತ್ತು. ಅದನ್ನು ತೆಗೆದದ್ದು ಗೆಳೆಯನ ಚಿಕ್ಕ ಮಗಳು, ಅವಳ ಕೈ ಮಾತ್ರ ಅಲ್ಲಿಗೆ ಹೋಗುತ್ತಿತ್ತು.

1982ರಲ್ಲಿ ಜರ್ಮನಿಯ ಬಸ್ಸಿನ ಪೆಟ್ರೋಲ್ ಎಂಜಿನ್ನೂ ನೀರಿನದಾಯಿತು. ಬ್ರೆಜಿಲ್‌ನ ಕೊಂಬಿ ಮಾತ್ರ 2005ರ ಕೊನೆಯವರೆಗೂ ಗಾಳಿಯನ್ನೇ ನೆಚ್ಚಿಕೊಂಡಿತ್ತು, 2013ರಲ್ಲಿ ಅದೂ ನಿಂತಿತು.

ಡಿಸೆಂಬರಿನಲ್ಲಿ ಅವರು ಮತ್ತೆ ಹೊರಟರು. ಹಾಸಿಗೆಯ ಪಕ್ಕದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ, ಪಕ್ಕದ ಕಿಟಕಿ ಎರಡು ಬೆರಳಷ್ಟು ತೆರೆದು. ರಾತ್ರಿ ಫೋನ್ ಬಂತು: "ಕಾಲು ಇನ್ನೂ ತಣ್ಣಗೇ ಇದೆ ಕಣೋ. ವಾಸನೆ ಇಲ್ಲ. ಚಿಕ್ಕವಳು ಹಾಡು ಹೇಳ್ತಿದ್ದಾಳೆ, ತಲೆನೋವು ಈಗ ನಮಗೆ!"