ನಲ್ಲಿಗೂ ಒಂದು ಕೋಡಿ

2021ರ ಫೆಬ್ರವರಿ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಕರೆಂಟು ಹೋಗಿ ಎರಡನೇ ದಿನ. ನಲ್ಲಿ ತಿರುಗಿಸಿದರೆ ಹನಿ ನೀರಿಲ್ಲ. ಅಂಬ್ಲಿಗೊಳದಿಂದ ಅಮ್ಮನ ಫೋನು.

"ಪೈಪಿನಲ್ಲಿ ನೀರು ಗಟ್ಟಿಯಾಗಿದೆಯಮ್ಮ."

"ಬಿಸಿಲು ಬಂದ್ರೆ ಕರಗ್ತದಲ್ಲ, ಬಿಡು."

ಕರಗಿತು. ಅನಾಹುತ ಶುರುವಾದದ್ದೇ ಆಗ. ಅಡುಗೆಮನೆಯ ಗೋಡೆಯೊಳಗೆ ಜುಳುಜುಳು ಸದ್ದು, ಆಮೇಲೆ ನೆಲವೆಲ್ಲ ನೀರು.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ದಾರಿಯಿಲ್ಲ. ಒತ್ತಡ ಏರಿ ಪೈಪು ಸೀಳುತ್ತದೆ. ಗಡ್ಡೆಯೇ ಬಿರಟೆಯಂತೆ ಕೂತಿರುವುದರಿಂದ ಸೋರುವುದು ಮಾತ್ರ ಕರಗಿದ ಮೇಲೆ. ಸೆಕೆಯ ಊರೆಂದು ಅಲ್ಲಿ ಎಷ್ಟೋ ಮನೆಗಳ ಪೈಪುಗಳಿಗೆ ಹೊದಿಕೆಯಿಲ್ಲ. ಆ ವಾರ ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆಗಳು, ವ್ಯಾಪಾರ ಮಳಿಗೆಗಳು ಕತ್ತಲಲ್ಲಿದ್ದವು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. 17ರಂದು ಇಡೀ ಆಸ್ಟಿನ್‌ಗೆ ನೀರು ಕುದಿಸಿ ಕುಡಿಯಿರಿ ಎಂಬ ಪ್ರಕಟಣೆ ಬಂತು. ನಮ್ಮಲ್ಲಿ ಕುದಿಸಲು ಕರೆಂಟೂ ಇಲ್ಲ, ನೀರೂ ಇಲ್ಲ. ಅಂಗಳದ ಹಿಮವನ್ನು ಬಕೆಟ್ಟಿಗೆ ತುಂಬಿ, ಕರಗಿಸಿ, ಕಕ್ಕಸಿಗೆ ಸುರಿದೆವು.

ಆ ಕತ್ತಲಲ್ಲಿ ನನಗೆ ನೆನಪಾದದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದ. ಪ್ರಣವೇಶ್ವರ ಗುಡಿಯ ಎದುರಿನ ಕಂಬದಲ್ಲಿ ಕುಬ್ಜನೆಂಬ ಕವಿ ರಚಿಸಿದ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ಕಂಚಿಯಲ್ಲಿ ಅವಮಾನಗೊಂಡ ಮಯೂರಶರ್ಮ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆಗಾಗಿ ನಾವದನ್ನು ಶಾಲೆಯಲ್ಲಿ ಓದಿದವರು. ಆದರೆ ಅದು ಹೇಳಹೊರಟದ್ದು ಕತ್ತಿಯ ವಿಷಯವಲ್ಲ. ಕಾಕುಸ್ಥವರ್ಮ ಆ ಗುಡಿಯ ಬಳಿ ಮಾಡಿಸಿದ ಕೆರೆಯ ವಿಷಯ. ರಾಜವಂಶದ ಚರಿತ್ರೆಯೆಲ್ಲ ಒಂದು ಕೆರೆಗೆ ಬರೆದ ಪೀಠಿಕೆ!

ಕೆರೆಯೂ ಒಡೆಯುತ್ತದೆ, ಹಿಡಿಸಲಾರದಷ್ಟು ನೀರು ಬಂದಾಗ. ಅದಕ್ಕೇ ಏರಿ ಕಟ್ಟಿದವರು ಕೋಡಿಯನ್ನೂ ಬಿಟ್ಟರು. ನೀರನ್ನು ಹಿಡಿಯುವುದರ ಅರ್ಧ ವಿದ್ಯೆ ಅದನ್ನು ಬಿಡುವುದರಲ್ಲಿದೆ. ಹೆಸರಿನ ಕೊನೆಯಲ್ಲೇ 'ಕೊಳ' ಕೇಳಿಸುವ ಊರಿನಿಂದ ಹೋದ ನಾನು ಅದನ್ನು ಮರೆತು, ಹನಿಯೂ ಪೋಲಾಗದಂತೆ ನಲ್ಲಿ ಬಿಗಿದು ಮಲಗಿದ್ದೆ.

ಈಗ ಹಿಮ ಬೀಳುವ ಸೂಚನೆ ಸಿಕ್ಕರೆ ನಲ್ಲಿಯನ್ನು ತೊಟ್ಟಿಕ್ಕಲು ಬಿಡುತ್ತೇನೆ. ಮೊದಮೊದಲು ಆ ಸದ್ದಿಗೆ ನಿದ್ದೆಯೇ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಸೋರುವ ನಲ್ಲಿಗೆ ಬೈಸಿಕೊಂಡ ಕಿವಿ ಇದು. ಹೆದರುತ್ತಲೇ ಅಮ್ಮನಿಗೆ ಹೇಳಿದೆ.

"ಕೋಡಿ ಬಿಟ್ಟ ಹಾಗೆ ಅನ್ನು," ಎಂದಳು. ಸ್ವಲ್ಪ ತಡೆದು, "ಕೆಳಗೊಂದು ಬಕೆಟ್ ಇಡು," ಎಂದಳು.