ಮೆರಿನೋ ಮಂದೆಯ ಪಯಣ

ನಯವಾದ ಉಣ್ಣೆಯ ಮೆರಿನೋ ಕುರಿ ಬಹುಕಾಲ ಸ್ಪೇನ್ ದೇಶದ ಸ್ವತ್ತಾಗಿತ್ತು. ಅದನ್ನು ಗಡಿ ದಾಟಿಸಲು ಅಲ್ಲಿನ ದೊರೆಗಳು ಸುಲಭವಾಗಿ ಬಿಡುತ್ತಿರಲಿಲ್ಲ. 1786ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿ, ಸ್ಪೇನಿನ ಅರಸನ ಒಪ್ಪಿಗೆ ಪಡೆದು 300ಕ್ಕೂ ಹೆಚ್ಚು ಕುರಿಗಳನ್ನು ತರಿಸಿದ. ಅವು ಕಾಲ್ನಡಿಗೆಯಲ್ಲೇ ಪ್ಯಾರಿಸ್ ಸಮೀಪದ ರಾಂಬೂಯೆ ತಲುಪಿದವು. 1793ರಲ್ಲಿ ದೊರೆಯ ತಲೆ ಉರುಳಿತು. ಮಂದೆ ಮಾತ್ರ ಉಳಿಯಿತು! ಹೊರಗಿನ ರಕ್ತ ಬೆರೆಸದೆ, ಪೀಳಿಗೆ ಪೀಳಿಗೆಗೂ ಉತ್ತಮ ಟಗರುಗಳನ್ನೇ ಆರಿಸಿ, ದೊಡ್ಡ ಮೈಯ, ಹೆಚ್ಚು ಉಣ್ಣೆ ಕೊಡುವ ತಳಿಯನ್ನು ಅಲ್ಲಿ ರೂಪಿಸಲಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ರಾಂಬೂಯೆ ಟಗರುಗಳನ್ನು ನಮ್ಮ ದಖ್ಖನಿ ಕುರಿಗಳೊಡನೆಯೂ ಸಂಕರಗೊಳಿಸಿದರು. ಉಣ್ಣೆಯನ್ನು ಬೆಳ್ಳಗೆ, ನಯವಾಗಿ ಮಾಡುವುದು ಉದ್ದೇಶ. ಯೋಜನೆ ಹಾಕಿದವರು ಮೊದಲು ಮಗ್ಗದ ಬಳಿ ಹೋಗಿ ಕೇಳಬಹುದಿತ್ತು. ನಮ್ಮ ಕುರುಬರ ಕಂಬಳಿಗೆ ಬೇಕಾದದ್ದು ಮಳೆ, ಚಳಿ ತಡೆಯುವ ಒರಟು ಕರಿ ಉಣ್ಣೆ.